ಕಿವಿಯೊಳಗೆ ಮೇಲೆದ್ದ ರಕ್ತನಾಳ: ಆಪರೇಷನ್ ಮಾಡಿಸಬಹುದಾ, ಬಿಡಬೇಕಾ?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ನಾವು ಶಿಡ್ಲಘಟ್ಟದವರು, ಮನೆಯಲ್ಲೇ ರೇಷ್ಮೆ ರೀಲಿಂಗ್ ಮಾಡುತ್ತೇವೆ. ನನ್ನ ಹೆಂಡತಿಗೆ 36 ವರ್ಷ. ಚಿಕ್ಕಂದಿನಿಂದ ಬಲಗಿವಿ ಸೋರುತ್ತದೆ. ಎರಡು ವರ್ಷದಿಂದ ಕೆಟ್ಟ ವಾಸನೆ, ಕೇಳಿಸುವುದೂ ಕಡಿಮೆಯಾಗಿದೆ. ಕಿವಿ ಹಿಂದಿನ ಮೂಳೆಯನ್ನು ಹುಳುಕು ತಿನ್ನುತ್ತಿದೆ, ಆಪರೇಷನ್ ಆಗಬೇಕು ಅಂತ ಡಾಕ್ಟರ್ ಹೇಳಿದರು. ಸಿಟಿ ಸ್ಕ್ಯಾನ್ ಮಾಡಿಸಿದೆವು. ಅದರಲ್ಲಿ ‘ಬಲಗಡೆ ಹೈ ರೈಡಿಂಗ್ ಡಿಹಿಸೆಂಟ್ ಜುಗುಲರ್ ಬಲ್ಬ್, ಮುಂದಕ್ಕೆ ಬಂದ ಸಿಗ್ಮಾಯ್ಡ್ ಸೈನಸ್, ಪ್ರಾಮಿನೆಂಟ್ ಮಾಸ್ಟಾಯ್ಡ್ ಎಮಿಸರಿ ವೇನ್’ ಅಂತ ಬರೆದಿದ್ದಾರೆ. ಸಂಬಂಧಿಕರೊಬ್ಬರು ಇದನ್ನು ಯಾರಿಗೋ ತೋರಿಸಿ, ನರಕ್ಕೆ ಏಟು ಬಿದ್ದರೆ ಜೀವಕ್ಕೇ ಅಪಾಯ, ಸುಮ್ನೆ ಇದ್ದುಬಿಡಿ ಅಂತಾರೆ. ಇದು ಕಾಯಿಲೆಯಾ? ಚಿಕ್ಕಂದಿನಲ್ಲಿ ಬೆಳ್ಳುಳ್ಳಿ ಎಣ್ಣೆ ಬಿಟ್ಟೂ ಬಿಟ್ಟೂ ಹೀಗಾಯಿತಾ? ಆಪರೇಷನ್ ಮಾಡಿಸಬಹುದಾ?

ಉತ್ತರ: ನಿಮ್ಮ ಮನೆಯಲ್ಲಿ ಎಷ್ಟು ದಿನದಿಂದ ನಿದ್ದೆ ಇಲ್ಲವೋ, ಅದಕ್ಕೇ ಮೊದಲು ಮೂರು ನೇರ ಮಾತು ಹೇಳಿಬಿಡುತ್ತೇನೆ. ರಿಪೋರ್ಟಿನಲ್ಲಿ ಬರೆದಿರುವ ಆ ರಕ್ತನಾಳಗಳು ಕಾಯಿಲೆ ಅಲ್ಲ. ಬೆಳ್ಳುಳ್ಳಿ ಎಣ್ಣೆಗೂ ಅದಕ್ಕೂ ಸಂಬಂಧವಿಲ್ಲ. ಆಪರೇಷನ್ ಮಾಡಿಸಬಹುದು. ಕಿವಿಯ ಸ್ಥಿತಿ ನೀವು ಬರೆದ ಹಾಗೇ ಇದ್ದರೆ, ಮಾಡಿಸಬೇಕು.

ಒಂದೇ ಒಂದು ಷರತ್ತು. ಆಪರೇಷನ್ ಮಾಡುವ ವೈದ್ಯರು ಆ ಸಿಟಿ ಫಿಲ್ಮನ್ನು ತಮ್ಮ ಕಣ್ಣಾರೆ ನೋಡಿರಬೇಕು. ರಿಪೋರ್ಟ್ ಓದಿದರೆ ಸಾಲದು. ಯಾಕೆ ಅನ್ನುವುದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ನಮ್ಮ ಚಿಕ್ಕಬಳ್ಳಾಪುರ, ಕೋಲಾರದ ಕಡೆಯವರಿಗೆ ಕೆರೆ, ಕಾಲುವೆ ಅಂದರೆ ಬಿಡಿಸಿ ಹೇಳಬೇಕಿಲ್ಲ. ಬೆಟ್ಟದಿಂದ ಇಳಿದ ಮಳೆನೀರು ಸಣ್ಣ ಸಣ್ಣ ಹಳ್ಳವಾಗಿ, ಹಳ್ಳಗಳು ರಾಜಕಾಲುವೆ ಸೇರಿ ಕೆರೆಗೆ ಬೀಳುತ್ತವೆ. ತಲೆಯೊಳಗೂ ಹಾಗೇ ಇದೆ. ಮಿದುಳಿಗೆ ನಿಮಿಷಕ್ಕೆ ಸುಮಾರು 750 ಮಿಲಿಲೀಟರ್ ರಕ್ತ ಹೋಗುತ್ತದೆ. ಹೋದದ್ದು ವಾಪಸ್ ಹೃದಯಕ್ಕೆ ಬರಬೇಕಲ್ವಾ? ಮಿದುಳಿನ ಸಣ್ಣ ರಕ್ತನಾಳಗಳೆಲ್ಲ ಕೂಡಿ, ತಲೆಬುರುಡೆಯ ಒಳಮೈಗೆ ಅಂಟಿಕೊಂಡ ದೊಡ್ಡ ಕಾಲುವೆಗಳಿಗೆ ಬೀಳುತ್ತವೆ. ಈ ಕಾಲುವೆಗಳಿಗೆ ಸೈನಸ್ ಅಂತ ಹೆಸರು. ಮೂಗಿನ ಸೈನಸ್‌ಗೂ ಇದಕ್ಕೂ ಹೆಸರು ಮಾತ್ರ ಒಂದೇ. ಅದು ಗಾಳಿ ತುಂಬಿದ ಗೂಡು, ಇದು ರಕ್ತ ಹರಿಯುವ ದಾರಿ. ಈ ಗೊಂದಲದಲ್ಲಿ ನೆಗಡಿ ಮಾತ್ರೆ ತಗೊಂಡು ಬಂದವರನ್ನೂ ನೋಡಿದ್ದೇನೆ.

ತಲೆಯ ಹಿಂಭಾಗದಿಂದ ಬಂದ ದೊಡ್ಡ ಕಾಲುವೆ ಕಿವಿಯ ಹಿಂದಿನ ಮೂಳೆಯ ಒಳಗೆ ಹಾವಿನ ಹಾಗೆ ಎರಡು ಸಲ ತಿರುಗುತ್ತದೆ. ಗ್ರೀಕರ ಸಿಗ್ಮಾ ಅಕ್ಷರದ ಆಕಾರ ಅಂತ ಇದಕ್ಕೆ ಸಿಗ್ಮಾಯ್ಡ್ ಸೈನಸ್ ಅಂತ ಹೆಸರಿಟ್ಟರು. ಬುರುಡೆಯ ತಳದಲ್ಲಿರುವ ತೂತಿನಿಂದ ಕತ್ತಿಗೆ ಇಳಿಯುವ ಮುಂಚೆ ಈ ಕಾಲುವೆ ಒಂದು ಸಲ ಮೇಲಕ್ಕೆ ಉಬ್ಬುತ್ತದೆ. ಹೊಳೆಯ ತಿರುವಿನಲ್ಲಿ ಮಡು ಇರುತ್ತದಲ್ಲ, ಹಾಗೆ. ಆ ಮಡುವೇ ಜುಗುಲರ್ ಬಲ್ಬ್. ಅದು ಇರುವುದು ಮಧ್ಯಕಿವಿಯ ನೆಲದ ಕೆಳಗೆ. ನಡುವೆ ಒಂದು ಮೂಳೆಯ ಹಲಗೆ ಇರುತ್ತದೆ.

ಮಧ್ಯಕಿವಿ ಅಂದರೆ ಎಷ್ಟು ದೊಡ್ಡ ಜಾಗ ಅಂದುಕೊಂಡಿದ್ದೀರಿ? ಕಿವಿಯ ತಮಟೆಯಿಂದ ಎದುರಿನ ಗೋಡೆಗೆ, ಅತ್ಯಂತ ಕಿರಿದಾದ ಕಡೆ, ಸುಮಾರು 2 ಮಿಲಿಮೀಟರ್. ಅದರೊಳಗೆ ಮೂರು ಪುಟ್ಟ ಮೂಳೆಗಳು. ಅವುಗಳಲ್ಲಿ ಚಿಕ್ಕದು ಸುಮಾರು 3 ಮಿಲಿಮೀಟರ್, ನಮ್ಮ ಮೈಯಲ್ಲೇ ಅತಿ ಸಣ್ಣ ಮೂಳೆ. ಅದರ ಪಕ್ಕದಲ್ಲೇ ಮುಖದ ನರ. ಇಂಥ ಇಕ್ಕಟ್ಟಿನಲ್ಲಿ ನೆಲದ ಕೆಳಗಿನ ಮಡು ಸ್ವಲ್ಪ ಮೇಲೆದ್ದರೂ ಅದು ದೊಡ್ಡ ವಿಷಯ. ಮೇಲೆದ್ದರೆ ‘ಹೈ ರೈಡಿಂಗ್’ ಅಂತ ಬರೆಯುತ್ತಾರೆ. ನಡುವಿನ ಮೂಳೆಯ ಹಲಗೆಯೂ ಇಲ್ಲದಿದ್ದರೆ ‘ಡಿಹಿಸೆಂಟ್’. ನಿಮ್ಮ ಮನೆಯವರಿಗೆ ಎರಡೂ ಇವೆ. ಅಂದರೆ ಮಧ್ಯಕಿವಿಯ ನೆಲದಲ್ಲಿ ಒಂದು ಕಡೆ ರಕ್ತನಾಳಕ್ಕೂ ಗಾಳಿಗೂ ನಡುವೆ ಬರೀ ತೆಳು ಪೊರೆ.

ಇದು ಹೇಗೆ ಬಂತು ಅನ್ನುವುದಕ್ಕೆ ಎಣ್ಣೆಯನ್ನು ಬೈಯಬೇಡಿ. ಹುಟ್ಟಿದ ಮಗುವಿಗೆ ಈ ಬಲ್ಬ್ ಇರುವುದೇ ಇಲ್ಲ. ಮಗು ಎದ್ದು ನಿಂತು ನಡೆಯಲು ಶುರು ಮಾಡಿದ ಮೇಲೆ, ಸುಮಾರು ಎರಡು ವರ್ಷದ ನಂತರ ಅದು ಮೂಡುತ್ತದೆ, ಆಮೇಲೆ ದೊಡ್ಡವರಾಗುವವರೆಗೂ ಬೆಳೆಯುತ್ತದೆ. ಕೆಲವರಲ್ಲಿ ಸ್ವಲ್ಪ ಜಾಸ್ತಿ ಬೆಳೆಯುತ್ತದೆ. ಬಲಗಡೆ ಇದು ಹೆಚ್ಚು, ಯಾಕೆಂದರೆ ತುಂಬಾ ಜನರಲ್ಲಿ ಮಿದುಳಿನ ರಕ್ತದ ದೊಡ್ಡ ಪಾಲು ಬಲಗಡೆಯ ಕಾಲುವೆಯಿಂದಲೇ ಇಳಿಯುತ್ತದೆ. ನಿಮ್ಮ ಎರಡೂ ಕೈಯ ಹಿಂಬದಿಯನ್ನು ಒಟ್ಟಿಗೆ ಇಟ್ಟು ನೋಡಿ. ಉಬ್ಬಿದ ರಕ್ತನಾಳಗಳು ಎಡಗೈಯಲ್ಲಿ ಒಂದು ಥರ, ಬಲಗೈಯಲ್ಲಿ ಇನ್ನೊಂದು ಥರ ಇರುತ್ತವೆ. ಅದನ್ನು ಯಾರೂ ಕಾಯಿಲೆ ಅನ್ನುವುದಿಲ್ಲ. ಕಿವಿಯ ಹತ್ತಿರದವೂ ಹಾಗೇ.

ನಿಮ್ಮ ಸಂಬಂಧಿಕರು ‘ನರ’ ಅಂದರಲ್ಲ, ಅದನ್ನೂ ಬಿಡಿಸಿ ಹೇಳಬೇಕು. ನಮ್ಮ ಕಡೆ ರಕ್ತನಾಳಕ್ಕೂ ನರ ಅಂತಲೇ ಅನ್ನುತ್ತಾರೆ. ಈ ರಿಪೋರ್ಟಿನಲ್ಲಿ ಇರುವುದು ರಕ್ತ ಹರಿಯುವ ನಾಳ. ಬಾಯಿ ಸೊಟ್ಟಗಾಗುವುದು, ಕಣ್ಣು ಮುಚ್ಚದೆ ಇರುವುದು ಬೇರೆ ವಿಷಯ. ಅದು ಮುಖದ ನರಕ್ಕೆ ಸಂಬಂಧಿಸಿದ್ದು. ಎರಡೂ ಒಂದೇ ಮೂಳೆಯಲ್ಲಿ ಹತ್ತಿರ ಹತ್ತಿರ ಇರುವುದರಿಂದ ಜನ ಸೇರಿಸಿಬಿಡುತ್ತಾರೆ. ಡಾಕ್ಟರ್ ಹತ್ತಿರ ಮಾತಾಡುವಾಗ ಯಾವುದರ ಬಗ್ಗೆ ಹೇಳುತ್ತಿದ್ದಾರೆ ಅಂತ ಕೇಳಿಕೊಳ್ಳಿ.

ಇನ್ನು ರಿಪೋರ್ಟಿನ ಎರಡನೇ ಮಾತು, ಮುಂದಕ್ಕೆ ಬಂದ ಸಿಗ್ಮಾಯ್ಡ್ ಸೈನಸ್. ಹುಳುಕು ತೆಗೆಯಬೇಕಾದರೆ ನಾವು ಕಿವಿಯ ಹಿಂದಿನ ಗಟ್ಟಿ ಮೂಳೆಯನ್ನು, ಅಂದರೆ ಮಾಸ್ಟಾಯ್ಡ್ ಮೂಳೆಯನ್ನು ಕೊರೆದು ಒಳಗೆ ಹೋಗುತ್ತೇವೆ. ನಮ್ಮ ದಾರಿ ಒಂದು ಕೊಳವೆಯ ಹಾಗೆ. ಮುಂದಿನ ಗೋಡೆ ಕಿವಿಯ ಕಾಲುವೆಯದು (ರಕ್ತದ ಕಾಲುವೆ ಅಲ್ಲ, ಹೊರಗಿನಿಂದ ತಮಟೆಯವರೆಗೆ ಹೋಗುವ ದಾರಿ), ಮೇಲಿನ ಚಾವಣಿ ಮಿದುಳಿನ ಹೊದಿಕೆಯದು, ಹಿಂದಿನ ಗೋಡೆ ಈ ಸಿಗ್ಮಾಯ್ಡ್ ಸೈನಸ್‌ದು. ಸಾಮಾನ್ಯವಾಗಿ ಸೈನಸ್‌ಗೂ ಕಿವಿಯ ಕಾಲುವೆಗೂ ಒಂದು ಸೆಂಟಿಮೀಟರ್‌ಗಿಂತ ಜಾಸ್ತಿ ಜಾಗ ಇರುತ್ತದೆ. ಕೆಲವರಲ್ಲಿ ಸೈನಸ್ ಎಷ್ಟು ಮುಂದಕ್ಕೆ ಬಂದಿರುತ್ತದೆ ಅಂದರೆ ಬೆರಳು ಹಾಕುವಷ್ಟು ಇರಬೇಕಾದ ಸಂದಿಯಲ್ಲಿ ಪೆನ್ಸಿಲ್ ಹೋಗುವುದೂ ಕಷ್ಟ. ಚಿಕ್ಕಂದಿನಿಂದ ಕಿವಿ ಸೋರಿದವರಲ್ಲಿ ಈ ಮೂಳೆಯ ಗಾಳಿಗೂಡುಗಳು ಬೆಳೆಯದೆ ಮೂಳೆ ಗಟ್ಟಿಯಾಗಿ, ಚಿಕ್ಕದಾಗಿ ಉಳಿಯುವುದು ಹೆಚ್ಚು. ಹಾಗಾಗಿ ಜಾಗದ ಅಭಾವ ಇನ್ನೂ ಜಾಸ್ತಿ.

ಮೂರನೆಯದು ಎಮಿಸರಿ ವೇನ್. ಇದಕ್ಕೆ ಜಾಸ್ತಿ ಹೆದರುವುದು ಬೇಡ. ಬುರುಡೆಯ ಹೊರಗಿನ ರಕ್ತನಾಳಗಳನ್ನು ಒಳಗಿನ ಸಿಗ್ಮಾಯ್ಡ್ ಸೈನಸ್‌ಗೆ ಸೇರಿಸುವ ಒಂದು ಸಣ್ಣ ಅಡ್ಡದಾರಿ ಅದು. ಕಿವಿಯ ಹಿಂದೆ ಮೂಳೆಯಲ್ಲಿ ಇದಕ್ಕೊಂದು ತೂತು ಇರುತ್ತದೆ. ಕಿವಿ ಹಿಂದೆ ಕೊಯ್ದು ಮೂಳೆಯ ಮೇಲಿನ ಪೊರೆ ಬಿಡಿಸುವಾಗ ಇದು ಹರಿದರೆ ರಕ್ತ ಬರುತ್ತದೆ. ತೂತಿಗೆ ಸ್ವಲ್ಪ ಬೋನ್ ವ್ಯಾಕ್ಸ್, ಅಂದರೆ ಮೂಳೆಗೆ ಹಚ್ಚುವ ಮೇಣ ಒತ್ತಿದರೆ ನಿಲ್ಲುತ್ತದೆ. ತುಂಬಾ ದಪ್ಪ ಇದ್ದರೆ ಎಳೆದಾಡಬಾರದು. ಎಳೆದರೆ ಬುಡದಲ್ಲಿ, ಸೈನಸ್ ಹತ್ತಿರವೇ ಕಿತ್ತುಕೊಳ್ಳುತ್ತದೆ.

ಈಗ ನನ್ನದೇ ಒಂದು ಅನುಭವ ಹೇಳಬೇಕು. ನಾನು ಈ ವಿಷಯದ ಬಗ್ಗೆ ಇಷ್ಟು ಒತ್ತಿ ಹೇಳುವುದಕ್ಕೆ ಅದೇ ಕಾರಣ.

ನಾನು ಆಪರೇಷನ್ ಕಲಿಯುತ್ತಿದ್ದ ಕಾಲ. ತಮಟೆಯಲ್ಲಿ ತೂತಿದ್ದ ಒಬ್ಬ ಹೆಂಗಸಿಗೆ ಹೊಸ ಪೊರೆ ಹಾಕುವ ಆಪರೇಷನ್. ಅವರ ಸಿಟಿ ಫಿಲ್ಮ್ ದೊಡ್ಡ ಕಂದು ಕವರಿನಲ್ಲಿ ಟೇಬಲ್ ಮೇಲೇ ಇತ್ತು. ನಾನು ರಿಪೋರ್ಟ್ ಹಾಳೆ ಮಾತ್ರ ಓದಿದ್ದೆ. ಅದರಲ್ಲಿ ಮಾಸ್ಟಾಯ್ಡ್ ಬಗ್ಗೆ ಎರಡು ಸಾಲು ಇತ್ತು, ಬಲ್ಬ್ ಬಗ್ಗೆ ಏನೂ ಇರಲಿಲ್ಲ. ಕವರಿನಿಂದ ಫಿಲ್ಮ್ ಹೊರಗೆ ತೆಗೆಯಲೇ ಇಲ್ಲ. ಕಿವಿಯ ಕಾಲುವೆಯ ಚರ್ಮ ಬಿಡಿಸಿಕೊಂಡು ತಮಟೆಯ ಕೆಳಅಂಚಿನ ಹತ್ತಿರ ಬಂದೆ. ಅಂಚನ್ನು ಅದು ಕೂತಿರುವ ಮೂಳೆಯ ತೋಡಿನಿಂದ ಎತ್ತಿದೆ. ಮೈಕ್ರೋಸ್ಕೋಪಿನಲ್ಲಿ ಕಾಣುತ್ತಿದ್ದುದೆಲ್ಲ ಒಂದೇ ಕ್ಷಣದಲ್ಲಿ ಮುಚ್ಚಿಹೋಯಿತು. ಅಪಧಮನಿಯ ರಕ್ತ ಕೆಂಪಗೆ ಚಿಮ್ಮುತ್ತದೆ. ಇದು ಚಿಮ್ಮಲಿಲ್ಲ. ಕಪ್ಪಗೆ, ಸದ್ದಿಲ್ಲದೆ ಉಕ್ಕಿತು. ಬಾವಿಯ ಒರತೆ ಒಡೆದ ಹಾಗೆ ಕಿವಿ ತುಂಬಿ, ಹೊರಗೆ ಹರಿದು ಬಟ್ಟೆಗೆ ಇಳಿಯಿತು. ಸಕ್ಷನ್ ಇಟ್ಟರೆ ಎಳೆದಷ್ಟೂ ಬರುತ್ತಿತ್ತು.

ನಮ್ಮ ಗುರುಗಳು ನನ್ನ ಕೈಯಿಂದ ಸಕ್ಷನ್ ತೆಗೆದಿಟ್ಟರು. ಜೆಲ್‌ಫೋಮ್ ಅನ್ನುವ, ರಕ್ತ ನಿಲ್ಲಿಸುವ ಸ್ಪಂಜಿನ ತುಣುಕನ್ನು ನೆನೆಸಿ ಆ ಜಾಗದ ಮೇಲೆ ಇಟ್ಟು, ಅದರ ಮೇಲೆ ಹತ್ತಿ ಇಟ್ಟು ಮೆಲ್ಲಗೆ ಒತ್ತಿ ಹಿಡಿದರು. ಅರಿವಳಿಕೆ ವೈದ್ಯರಿಗೆ ತಲೆಯ ಕಡೆ ಟೇಬಲ್ ತಗ್ಗಿಸಲು ಹೇಳಿದರು. ಆಮೇಲೆ ಯಾರೂ ಮಾತಾಡಲಿಲ್ಲ. ಗಡಿಯಾರ ನೋಡುತ್ತಾ ನಿಂತೆವು. ಹತ್ತು ನಿಮಿಷ ಆದ ಮೇಲೆ ಹತ್ತಿ ಎತ್ತಿದರೆ ಒಣಗಿತ್ತು. ಆ ಹೆಂಗಸು ಚೆನ್ನಾಗಿಯೇ ಮನೆಗೆ ಹೋದರು. ಸಂಜೆ ನಾನು ಕವರ್ ಬಿಚ್ಚಿ ಫಿಲ್ಮನ್ನು ಬೆಳಕಿಗೆ ಹಿಡಿದೆ. ಎಲ್ಲ ಕಾಣುತ್ತಿತ್ತು. ಮಧ್ಯಕಿವಿಯ ನೆಲದಿಂದ ಮೇಲೆದ್ದ ಗುಂಡು ಉಬ್ಬು, ಅದರ ಮೇಲೆ ಮೂಳೆಯ ಬಿಳಿ ಗೆರೆ ಇರಬೇಕಾದ ಜಾಗದಲ್ಲಿ ಗೆರೆಯೇ ಇಲ್ಲ. ರಿಪೋರ್ಟ್ ಬರೆದವರು ಬರೆಯದೆ ಬಿಟ್ಟಿದ್ದರು ನಿಜ. ಆದರೆ ಕತ್ತಿ ಹಿಡಿದವನು ನಾನು, ನೋಡಬೇಕಾದವನೂ ನಾನೇ. ತಪ್ಪು ನನ್ನದು. ಅವತ್ತಿಂದ ಇವತ್ತಿನವರೆಗೆ ಫಿಲ್ಮ್ ನೋಡದೆ ಒಂದು ಕಿವಿಗೂ ಕೈ ಹಾಕಿಲ್ಲ.

ಹಾಗೆ ನೋಡಿದರೆ ನಿಮ್ಮ ಮನೆಯವರು ಅದೃಷ್ಟವಂತರು. ಅವರ ರಿಪೋರ್ಟ್ ಬರೆದವರು ಮೂರೂ ವಿಷಯ ಗಮನಿಸಿ ಬರೆದಿದ್ದಾರೆ. ಗೊತ್ತಿದ್ದ ರಕ್ತನಾಳ ಅಪರೂಪಕ್ಕೆ ತೊಂದರೆ ಕೊಡುತ್ತದೆ. ಗೊತ್ತಿಲ್ಲದೆ ಎದುರಾದದ್ದೇ ಕಷ್ಟ.

ಕಿವಿ ಹಿಂದಿನ ಮೂಳೆ ಕೊರೆಯುವ ಆಪರೇಷನ್‌ಗೆ ಒಂದು ಕ್ರಮ ಹಾಕಿಕೊಟ್ಟವರು ಜರ್ಮನಿಯ ಹರ್ಮನ್ ಶ್ವಾರ್ಟ್ಸೆ, 1873ರಲ್ಲಿ. ಆಗ ಎಕ್ಸ್‌ರೇ ಕೂಡ ಇರಲಿಲ್ಲ, ಅದು ಬಂದದ್ದು 1895ರಲ್ಲಿ. ಉಳಿ, ಸುತ್ತಿಗೆ ಹಿಡಿದು, ರಕ್ತನಾಳ ಎಲ್ಲಿದೆಯೋ ಅಂತ ಅಂದಾಜಿನ ಮೇಲೆ ಕೆಲಸ ಮಾಡುತ್ತಿದ್ದರು. ಮನುಷ್ಯರ ಮೇಲೆ ಮೊದಲ ಸಿಟಿ ಸ್ಕ್ಯಾನ್ ಆದದ್ದು 1971ರಲ್ಲಿ. ಇವತ್ತು ಕಿವಿಯ ಮೂಳೆಯನ್ನು ಒಂದು ಮಿಲಿಮೀಟರ್‌ಗಿಂತ ತೆಳ್ಳಗಿನ ಪದರಗಳಾಗಿ ನೋಡಬಹುದು. ಅಡ್ಡ ಪದರದಲ್ಲಿ ಸಿಗ್ಮಾಯ್ಡ್ ಸೈನಸ್ ಎಷ್ಟು ಮುಂದಿದೆ ಅನ್ನುವುದು, ಒಂದು ಕಿವಿಯಿಂದ ಇನ್ನೊಂದು ಕಿವಿಗೆ ಕೊಯ್ದ ಹಾಗಿನ ನಿಲುವು ಪದರದಲ್ಲಿ ಬಲ್ಬ್ ಎಷ್ಟು ಎತ್ತರ ಇದೆ ಅನ್ನುವುದು ಚೆನ್ನಾಗಿ ಕಾಣುತ್ತದೆ. ಅದಕ್ಕೇ ಎರಡೂ ಬೇಕು.

ಇನ್ನೊಂದು ವಿಷಯವನ್ನೂ ಫಿಲ್ಮಿನಲ್ಲಿ ನೋಡಬೇಕು, ಇದನ್ನು ಎಷ್ಟೋ ಸಲ ಮರೆಯುತ್ತಾರೆ. ಎಡಗಡೆಯ ಕಾಲುವೆ ಎಷ್ಟು ದೊಡ್ಡದಿದೆ? ಬಲಗಡೆ ಏನಾದರೂ ಆಗಿ ಸೈನಸ್ ಮುಚ್ಚಬೇಕಾಗಿ ಬಂದರೆ ಮಿದುಳಿನ ರಕ್ತವೆಲ್ಲ ಎಡಗಡೆಯಿಂದ ಇಳಿಯಬೇಕು. ಕೆಲವರಿಗೆ ಎಡಗಡೆಯದು ತೀರಾ ಸಣ್ಣದು. ಅಂಥವರಲ್ಲಿ ಬಲಗಡೆಯ ಸೈನಸ್ ಒಂದೇ ತೂಬು ಇರುವ ಕೆರೆಯ ಹಾಗೆ, ಅದನ್ನು ಮುಚ್ಚುವ ಮಾತೇ ಇಲ್ಲ. ಅನುಮಾನ ಬಂದರೆ ರಕ್ತನಾಳಗಳನ್ನೇ ತೋರಿಸುವ ಎಂಆರ್ ವೀನೋಗ್ರಾಮ್ ಮಾಡಿಸುತ್ತೇವೆ. ಎಲ್ಲರಿಗೂ ಅದು ಬೇಕಾಗಿಲ್ಲ.

ಹಾಗಾದರೆ ‘ಸುಮ್ನೆ ಇದ್ದುಬಿಡಿ’ ಅನ್ನುವುದು ಯಾಕೆ ಸರಿಯಲ್ಲ? ನೀವು ಬರೆದಿರುವ ವಾಸನೆ, ಹುಳುಕು ಅನ್ನುವ ಮಾತು ನೋಡಿದರೆ ಅದು ಕೊಲೆಸ್ಟಿಯಟೋಮಾ ಇರಬಹುದು. ಹೆಸರು ಕೇಳಿ ಕೊಲೆಸ್ಟ್ರಾಲ್ ಅಂದುಕೊಳ್ಳಬೇಡಿ, ಕ್ಯಾನ್ಸರ್ ಅಂತಲೂ ಅಂದುಕೊಳ್ಳಬೇಡಿ. ಚರ್ಮ ಇರಬಾರದ ಕಡೆ, ಮಧ್ಯಕಿವಿಯ ಒಳಗೆ, ಚರ್ಮ ಬೆಳೆದು ಈರುಳ್ಳಿಯ ಹಾಗೆ ಪದರ ಪದರವಾಗಿ ಸೇರಿಕೊಳ್ಳುತ್ತದೆ. ಅದು ಸುತ್ತಲಿನ ಮೂಳೆಯನ್ನು ತಿನ್ನುತ್ತಾ ಹೋಗುತ್ತದೆ. ಮೊದಲು ಕೇಳಿಸುವ ಪುಟ್ಟ ಮೂಳೆಗಳು. ಆಮೇಲೆ ಮುಖದ ನರದ ಮೇಲಿನ ಮೂಳೆ, ಮಿದುಳಿನ ಕೆಳಗಿನ ಮೂಳೆ, ಸಿಗ್ಮಾಯ್ಡ್ ಸೈನಸ್ ಮೇಲಿನ ಮೂಳೆ. ಸೈನಸ್‌ಗೆ ಸೋಂಕು ತಗುಲಿ ಒಳಗೆ ರಕ್ತ ಹೆಪ್ಪುಗಟ್ಟಿದರೆ ನಡುಕದ ಜ್ವರ ಬಂದು ಬಂದು ಬಿಡುತ್ತದೆ, ತಲೆನೋವು, ವಾಂತಿ ಬರುತ್ತದೆ. ಆ ಎಮಿಸರಿ ವೇನ್ ದಾರಿಯಲ್ಲೂ ಹೆಪ್ಪು ಹಬ್ಬಿದರೆ ಕಿವಿಯ ಹಿಂದೆ ಊದಿಕೊಳ್ಳುತ್ತದೆ. ಅಂದರೆ ಯಾವ ರಕ್ತನಾಳಕ್ಕೆ ಹೆದರಿ ಆಪರೇಷನ್ ಬಿಡುತ್ತೀರೋ, ಅದೇ ರಕ್ತನಾಳವನ್ನು ಈ ಹುಳುಕು ತಲುಪಬಹುದು. ಔಷಧಿಯಿಂದ ಸೋರುವುದು ಸ್ವಲ್ಪ ದಿನ ನಿಲ್ಲುತ್ತದೆ, ಚರ್ಮದ ಗಂಟು ಕರಗುವುದಿಲ್ಲ. ಆಪರೇಷನ್ ಮಾಡಿಯೇ ತೆಗೆಯಬೇಕು.

ಒಂದು ವೇಳೆ ಬರೀ ತಮಟೆಯ ನಡುವೆ ತೂತು, ವಾಸನೆ ಇಲ್ಲದ ತಿಳಿ ಸೋರಿಕೆ ಆಗಿದ್ದರೆ ನನ್ನ ಸಲಹೆ ಇಷ್ಟು ಅವಸರದ್ದಾಗಿರುತ್ತಿರಲಿಲ್ಲ. ಆಗ ಮೂಳೆ ಕೊರೆಯುವ ಅಗತ್ಯವೂ ಎಷ್ಟೋ ಸಲ ಬೀಳುವುದಿಲ್ಲ, ಮುಂದಕ್ಕೆ ಬಂದ ಸೈನಸ್ ನಮ್ಮ ದಾರಿಗೆ ಸಿಗುವುದೇ ಇಲ್ಲ.

ಇಂಥ ಕಿವಿಯಲ್ಲಿ ಆಪರೇಷನ್ ಹೇಗೆ ಮಾಡುತ್ತಾರೆ? ಹಿಂದಿನಿಂದ ದಾರಿ ಕಿರಿದಾಗಿದ್ದರೆ ಮುಂದಿನಿಂದ ಹೋಗಬಹುದು. ಕಿವಿಯ ಕಾಲುವೆಯ ಒಳಗಿಂದಲೇ ಎಂಡೋಸ್ಕೋಪ್ ಹಾಕಿಕೊಂಡು ಹುಳುಕಿನ ಬೆನ್ನು ಹತ್ತಿ ಹೋಗುವ ಕ್ರಮ ಇದೆ. ಹುಳುಕು ದೊಡ್ಡದಿದ್ದರೆ ಕಿವಿಯ ಕಾಲುವೆಯ ಹಿಂದಿನ ಮೂಳೆಗೋಡೆಯನ್ನೇ ತೆಗೆದು ಎರಡೂ ಜಾಗವನ್ನು ಒಂದು ಮಾಡಿಬಿಡುತ್ತೇವೆ. ಸೈನಸ್ ತೀರಾ ಮುಂದಿದ್ದವರಿಗೆ ನಾನು ಇದನ್ನೇ ಇಷ್ಟಪಡುತ್ತೇನೆ. ಆಮೇಲೆ ಆಗಾಗ ಬಂದು ಕಿವಿ ಶುಚಿ ಮಾಡಿಸಿಕೊಳ್ಳಬೇಕು, ಅದು ತೊಂದರೆಯೇ. ಆದರೆ ಕಣ್ಣಿಗೆ ಕಾಣದ ಮೂಲೆಯಲ್ಲಿ ಹುಳುಕು ಬಿಟ್ಟು ಬರುವುದಕ್ಕಿಂತ ವಾಸಿ.

ಮೂಳೆ ಕೊರೆಯುವಾಗ ಸೈನಸ್ ತಾನಾಗಿಯೇ ಸುಳಿವು ಕೊಡುತ್ತದೆ. ಮೂಳೆ ಮೊದಲು ದಂತದ ಹಾಗೆ ಬೆಳ್ಳಗಿರುತ್ತದೆ. ತೆಳ್ಳಗಾದ ಹಾಗೆಲ್ಲ ಒಳಗಿಂದ ನೀಲಿ ಮೂಡುತ್ತದೆ. ನೀರು ಜಾಸ್ತಿ ಬೆರೆಸಿದ ಹಾಲಿನ ಅಂಚಿನಲ್ಲಿ ಒಂದು ನೀಲಿ ಛಾಯೆ ಕಾಣುತ್ತದಲ್ಲ, ಸುಮಾರಾಗಿ ಆ ಬಣ್ಣ. ಡ್ರಿಲ್ಲಿನ ಸದ್ದೂ ಬದಲಾಗುತ್ತದೆ. ಆಗ ಹಲ್ಲುಹಲ್ಲಾಗಿರುವ ಬರ್, ಅಂದರೆ ಡ್ರಿಲ್ಲಿನ ಕೊರೆಯುವ ತುದಿಯನ್ನು ತೆಗೆದು ನುಣುಪಾದ ಡೈಮಂಡ್ ಬರ್ ಹಾಕಿಕೊಳ್ಳುತ್ತೇವೆ. ನೀರು ಬಿಡುತ್ತಾ, ಸೈನಸ್ ಹರಿಯುವ ದಿಕ್ಕಿನಲ್ಲೇ ಉದ್ದಕ್ಕೆ ಸವರುತ್ತೇವೆ, ಅಡ್ಡಕ್ಕೆ ಹೋಗುವುದಿಲ್ಲ. ಮೊಟ್ಟೆಯ ಸಿಪ್ಪೆಯಷ್ಟು ಮೂಳೆಯನ್ನು ಅದರ ಮೇಲೆ ಉಳಿಸುತ್ತೇವೆ. ಬಲ್ಬ್ ಮೇಲೆ ಮೂಳೆ ಇಲ್ಲದ ಕಡೆ, ತಮಟೆಯ ಕೆಳಅಂಚನ್ನು ಎತ್ತುವಾಗ ಕೈ ಇನ್ನೂ ಹಗುರ. ಕೆಲಸ ಮುಗಿದ ಮೇಲೆ ಕಿವಿಯದೇ ಮೆಲುಮೂಳೆಯ ತೆಳು ತುಂಡನ್ನು ಅದರ ಮೇಲೆ ಹೊದಿಸಬಹುದು.

ಇಷ್ಟಾದರೂ ತೂತಾದರೆ? ಇದು ಕಡಿಮೆ ಒತ್ತಡದ ರಕ್ತ. ನೋಡಲು ಭಯವಾಗುತ್ತದೆ, ಒತ್ತಿ ಹಿಡಿದರೆ ನಿಲ್ಲುತ್ತದೆ. ಸರ್ಜಿಸೆಲ್ (ರಕ್ತ ನಿಲ್ಲಿಸುವ ಬಟ್ಟೆಯಂಥದ್ದು) ಅಥವಾ ಜೆಲ್‌ಫೋಮನ್ನು ತೂತಿನ ಮೇಲೆ ಇಟ್ಟು ಒತ್ತಬೇಕು, ತೂತಿನ ಒಳಗೆ ತುರುಕಬಾರದು. ತುರುಕಿದರೆ ರಕ್ತದ ಜೊತೆ ಕೊಚ್ಚಿಹೋಗಬಹುದು, ಇಲ್ಲವೇ ಹರಿವೇ ನಿಂತುಬಿಡಬಹುದು. ನಮಗೆ ಹೆಚ್ಚು ಭಯ ರಕ್ತ ಹೊರಗೆ ಬರುವುದರ ಬಗ್ಗೆ ಅಲ್ಲ, ಗಾಳಿ ಒಳಗೆ ಹೋಗುವುದರ ಬಗ್ಗೆ. ತಲೆ ಎತ್ತರದಲ್ಲಿದ್ದರೆ ಈ ನಾಳಗಳು ಗಾಳಿಯನ್ನು ಎಳೆದುಕೊಳ್ಳಬಹುದು, ಅದು ಹೃದಯಕ್ಕೆ ಹೋಗಬಹುದು. ಅದಕ್ಕೇ ತಲೆ ತಗ್ಗಿಸಿ, ಗಾಯಕ್ಕೆ ಸಲೈನ್ ತುಂಬುತ್ತೇವೆ. ಅರಿವಳಿಕೆ ವೈದ್ಯರು ಉಸಿರಿನ ಕಾರ್ಬನ್ ಡೈಆಕ್ಸೈಡ್ ಅಳತೆ ಇಳಿಯುತ್ತಿದೆಯಾ ಅಂತ ಕಣ್ಣಿಟ್ಟಿರುತ್ತಾರೆ. ಹಾಗಾಗಿ ಅವರಿಗೂ ಈ ರಿಪೋರ್ಟ್ ಮೊದಲೇ ಗೊತ್ತಿರಬೇಕು.

ತಮಟೆಯ ಹಿಂದೆ ಏನಾದರೂ ನೀಲಿ ಅಥವಾ ಕೆಂಪು ಕಂಡರೆ ಅದೆಲ್ಲ ಬಲ್ಬೇ ಅಂತಲೂ ಅಂದುಕೊಳ್ಳಬಾರದು. ಹಿಂಭಾಗದ ಕೆಳಮೂಲೆಯಲ್ಲಿ ನೀಲಿ ಉಬ್ಬು ಕಂಡರೆ ಸಾಮಾನ್ಯವಾಗಿ ಬಲ್ಬ್. ಕೆಂಪಗೆ ಮಿಡಿಯುತ್ತಿದ್ದರೆ ಗ್ಲೋಮಸ್ ಅನ್ನುವ ರಕ್ತದ ಗೆಡ್ಡೆ ಇರಬಹುದು. ಮುಂಭಾಗದಲ್ಲಿ ಇದ್ದರೆ ದಾರಿ ತಪ್ಪಿ ಬಂದ ದೊಡ್ಡ ಅಪಧಮನಿ ಇರಬಹುದು. ಸ್ಕ್ಯಾನ್ ಇಲ್ಲದೆ ಇವುಗಳಿಗೆ ಸೂಜಿ ಹಾಕುವುದು, ಚೂರು ತೆಗೆದು ಪರೀಕ್ಷೆಗೆ ಕಳಿಸುವುದು ದೊಡ್ಡ ತಪ್ಪು. ಇದಕ್ಕೇ ಮಕ್ಕಳಿಗೆ ತಮಟೆಯಲ್ಲಿ ಗ್ರಾಮೆಟ್ ಕೊಳವೆ ಹಾಕುವಾಗಲೂ ಹಿಂಭಾಗ ಬಿಟ್ಟು ಮುಂಭಾಗದ ಕೆಳಮೂಲೆಯಲ್ಲಿ ಕೊಯ್ಯುವುದು ವಾಡಿಕೆ.

ನಿಮ್ಮ ಮನೆಯವರಿಗೆ ಆ ಕಿವಿಯಲ್ಲಿ ನಾಡಿಯ ಜೊತೆ ‘ಝುಮ್ ಝುಮ್’ ಸದ್ದು ಬರುತ್ತದಾ ಅಂತ ಕೇಳಿ. ರೀಲಿಂಗ್ ಮೆಷಿನ್ ಸದ್ದಿನಲ್ಲಿ ಹಗಲು ಗೊತ್ತಾಗದೆ ಇರಬಹುದು, ರಾತ್ರಿ ಮಲಗಿದಾಗ ಕೇಳಿಸುತ್ತದೆ. ಇದ್ದರೆ ಡಾಕ್ಟರಿಗೆ ಹೇಳಿ. ಅವರು ಕತ್ತಿನ ಅದೇ ಪಕ್ಕವನ್ನು ಮೆಲ್ಲಗೆ ಒತ್ತಿ ನೋಡುತ್ತಾರೆ. ಒತ್ತಿದಾಗ ಸದ್ದು ನಿಂತರೆ ಅದು ಈ ಅಭಿಧಮನಿಯ ಹರಿವಿನದೇ. ಮನೆಯಲ್ಲಿ ನೀವೇ ಕತ್ತು ಒತ್ತಿ ಪರೀಕ್ಷೆ ಮಾಡಬೇಡಿ.

ಆಪರೇಷನ್ ಆಗುವವರೆಗೆ ಆ ಕಿವಿಗೆ ಹೇರ್‌ಪಿನ್, ಬೆಂಕಿಕಡ್ಡಿ ಹಾಕಬಾರದು. ಗುಗ್ಗೆ ತೆಗೆಯುತ್ತೇನೆ ಅಂತ ಸಂತೆಯಲ್ಲಿ ಬರುವವರ ಕೈಗೆ ಕಿವಿ ಕೊಡಲೇಬಾರದು. ತಮಟೆಯಲ್ಲಿ ತೂತು ಇದ್ದು, ಒಳಗೆ ಬಲ್ಬ್ ಮೇಲೆ ಮೂಳೆ ಇಲ್ಲದಿದ್ದರೆ ಒಂದು ಪಿನ್ ಸಾಕು. ಎಣ್ಣೆಯಿಂದ ರಕ್ತನಾಳ ಮೇಲೇಳಲಿಲ್ಲ ಅಂದೆ. ಆದರೆ ಸೋರುವ ಕಿವಿಗೆ ಎಣ್ಣೆ ಬಿಡುವುದು ಸೋಂಕನ್ನು ಹೆಚ್ಚಿಸುತ್ತದೆ, ಅದನ್ನು ಇವತ್ತೇ ನಿಲ್ಲಿಸಿ. ತಲೆಗೆ ನೀರು ಹಾಕಿಕೊಳ್ಳುವಾಗ ಹತ್ತಿಗೆ ವ್ಯಾಸಲಿನ್ ಸವರಿ ಕಿವಿಗೆ ಇಟ್ಟುಕೊಳ್ಳಲಿ. ನಡುಕದ ಜ್ವರ, ತಲೆಸುತ್ತು, ಜೋರು ತಲೆನೋವು, ವಾಂತಿ, ಬಾಯಿ ಸೊಟ್ಟಗಾಗುವುದು, ಕಿವಿ ಹಿಂದೆ ಊತ, ಇವುಗಳಲ್ಲಿ ಒಂದು ಕಂಡರೂ ಆಪರೇಷನ್ ತಾರೀಕಿಗೆ ಕಾಯದೆ ಅವತ್ತೇ ಆಸ್ಪತ್ರೆಗೆ ಹೋಗಿ.

ಬೆಂಗಳೂರಿಗೆ ಹೋಗಲೇಬೇಕಾ ಅನ್ನುವ ಯೋಚನೆಯೂ ನಿಮಗೆ ಬಂದಿರಬಹುದು. ನನ್ನ ಅಭಿಪ್ರಾಯ, ಊರು ಮುಖ್ಯ ಅಲ್ಲ. ನಿಮ್ಮ ಡಾಕ್ಟರ್ ಹತ್ತಿರ ಸಂಕೋಚ ಬಿಟ್ಟು ಕೇಳಿ: ‘ಸರ್, ಫಿಲ್ಮ್ ನೋಡಿದ್ದೀರಾ, ನಮಗೂ ಸ್ವಲ್ಪ ತೋರಿಸುತ್ತೀರಾ?’ ಒಳ್ಳೆಯ ಸರ್ಜನ್‌ಗೆ ಈ ಪ್ರಶ್ನೆಯಿಂದ ಬೇಜಾರಾಗುವುದಿಲ್ಲ. ಲೈಟ್ ಬಾಕ್ಸ್‌ಗೆ ಫಿಲ್ಮ್ ಸಿಕ್ಕಿಸಿ, ಇಲ್ಲಿದೆ ನೋಡಿ ಬಲ್ಬ್, ಇಲ್ಲಿಂದ ಹೋಗುತ್ತೇನೆ, ಇಂಥಲ್ಲಿ ನಿಲ್ಲುತ್ತೇನೆ ಅಂತ ಬೆರಳಿಟ್ಟು ತೋರಿಸುತ್ತಾರೆ. ಹಾಗೆ ತೋರಿಸಿದರೆ ಧೈರ್ಯವಾಗಿ ಅಲ್ಲೇ ಮಾಡಿಸಿ. ಇಂಥ ಕಿವಿಗಳನ್ನು ಎಷ್ಟು ಮಾಡಿದ್ದೀರಿ, ಒಳ್ಳೆಯ ಮೈಕ್ರೋಸ್ಕೋಪ್ ಮತ್ತು ಡ್ರಿಲ್ ಇದೆಯಾ ಅಂತಲೂ ಕೇಳಬಹುದು. ‘ಇದು ನನಗಿಂತ ಹೆಚ್ಚು ಅನುಭವ ಇರುವವರು ಮಾಡಿದರೆ ಒಳ್ಳೆಯದು’ ಅಂತ ಅವರೇ ಕಳಿಸಿಕೊಟ್ಟರೆ ಅದನ್ನು ಕೈತೊಳೆದುಕೊಂಡರು ಅಂತ ತಿಳಿಯಬೇಡಿ. ನಿಮ್ಮ ಒಳ್ಳೆಯದಕ್ಕೇ ಹೇಳಿರುತ್ತಾರೆ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಈ ಆಪರೇಷನ್ ಹೇಗೆ ಮಾಡಿಸಬಹುದು ಅಂತ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ.

ರಕ್ತ ತೆಳ್ಳಗೆ ಮಾಡುವ ಮಾತ್ರೆ, ಆಸ್ಪಿರಿನ್ ಏನಾದರೂ ತಗೊಳ್ಳುತ್ತಿದ್ದರೆ ಮೊದಲೇ ಹೇಳಿ, ನೀವಾಗಿಯೇ ನಿಲ್ಲಿಸಬೇಡಿ. ಆಪರೇಷನ್ ಆದ ಮೇಲೆ ಡಿಸ್ಚಾರ್ಜ್ ಚೀಟಿಯಲ್ಲಿ ಬಲ್ಬ್ ಮತ್ತು ಸೈನಸ್ ಹೇಗಿದ್ದವು, ಏನು ಹೊದಿಸಿದರು ಅನ್ನುವುದನ್ನು ಬರೆಸಿಕೊಳ್ಳಿ. ಈ ಹುಳುಕು ಕೆಲವರಿಗೆ ವರ್ಷಗಳ ಮೇಲೆ ಮತ್ತೆ ಬರುತ್ತದೆ, ಆಗ ಬೇರೆ ವೈದ್ಯರ ಕೈಗೆ ಹೋಗಬೇಕಾಗಬಹುದು. ಸಿಟಿ ಫಿಲ್ಮ್‌ಗಳನ್ನು ಮಡಚದೆ, ಬಿಸಿಲು ಬೀಳದ ಕಡೆ ಚಪ್ಪಟೆಯಾಗಿ ಇಡಿ. ಸಿ.ಡಿ. ಕೊಟ್ಟಿದ್ದರೆ ಅದನ್ನೂ ಅದರ ಜೊತೆಗೇ ಇಡಿ.

ಕೊನೆಯದಾಗಿ, ನೀವು ಎಡಗಿವಿಯ ಬಗ್ಗೆ ಏನೂ ಬರೆದಿಲ್ಲ. ಚಿಕ್ಕಂದಿನಿಂದ ಒಂದು ಕಿವಿ ಸೋರಿದವರಿಗೆ ಇನ್ನೊಂದರಲ್ಲೂ ತೊಂದರೆ ಇರುವುದು ಅಪರೂಪವಲ್ಲ. ಆಪರೇಷನ್‌ಗೆ ಮುಂಚೆ ಎರಡೂ ಕಿವಿಗೆ ಆಡಿಯೋಮೆಟ್ರಿ, ಅಂದರೆ ಎಷ್ಟು ಕೇಳಿಸುತ್ತದೆ ಅನ್ನುವ ಪರೀಕ್ಷೆ ಮಾಡಿಸಿ. ಎಡಗಿವಿ ಎಷ್ಟು ಕೇಳುತ್ತದೆ ಅನ್ನುವುದು ಗೊತ್ತಿದ್ದರೆ, ಬಲಗಿವಿಯಲ್ಲಿ ಎಷ್ಟು ದೂರ ಹೋಗಬೇಕು ಅನ್ನುವುದನ್ನು ನಿಮ್ಮ ಡಾಕ್ಟರ್ ಸರಿಯಾಗಿ ತೀರ್ಮಾನ ಮಾಡುತ್ತಾರೆ.